ಬುಸಾನ್: ಕಸುಬು ಕಾಯ್ದ ಪೇಟೆಗಳು

ದಕ್ಷಿಣ ಕೊರಿಯಾದ ಎರಡನೇ ದೊಡ್ಡ ನಗರ, ಆ ದೇಶದ ಅತಿ ದೊಡ್ಡ ಬಂದರು ಬುಸಾನ್. ಅಲ್ಲಿನ ಮೆಟ್ರೊದ ಎರಡನೇ ಮಾರ್ಗ ಹಿಡಿದು ಸೆಂಟಮ್ ಸಿಟಿಯಲ್ಲಿ ಇಳಿದರೆ ಸಿಗುವುದು ಶಿನ್ಸೆಗೆ ಮಳಿಗೆ. ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ಎದ್ದ ಬಡಾವಣೆಯಲ್ಲಿ 2009ರಲ್ಲಿ ಬಾಗಿಲು ತೆರೆದ ಈ ಕಟ್ಟಡ, ಅದೇ ವರ್ಷ ಜಗತ್ತಿನ ಅತಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಗಿನ್ನೆಸ್ ದಾಖಲೆ ಸೇರಿತು. ಬಿಸಿನೀರಿನ ಬುಗ್ಗೆಯ ಸ್ನಾನಗೃಹವೂ ಒಳಗೇ ಇದೆ. ಒಂದನೇ ಮಾರ್ಗದಲ್ಲಿ ಜಾಗಾಲ್ಚಿ ನಿಲ್ದಾಣಕ್ಕೆ ಬಂದರೆ ಕಡಲ ಬದಿಗೆ ಮೀನು ಮಾರುಕಟ್ಟೆ, ರಸ್ತೆ ದಾಟಿದರೆ ನಾಂಪೊ, ಗುಕ್ಜೆ, ಬುಪ್ಯೊಂಗ್ ಪೇಟೆಗಳು, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ. ಆ ಮಳಿಗೆ ನಾಳೆಯ ಬುಸಾನ್, ಈ ಪೇಟೆಗಳು ಸರ್ಕಾರದ ಆಸರೆ ತಪ್ಪಿದರೆ ಕುಸಿಯುವ ನಿನ್ನೆಯ ಬುಸಾನ್ ಎಂಬ ಮಾತು ಸಲೀಸಾಗಿ ಕೇಳಿಬರುತ್ತದೆ. ಪೇಟೆಗಳ ಚರಿತ್ರೆಯನ್ನೂ ವ್ಯವಹಾರವನ್ನೂ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅವು ಉಳಿದಿರುವುದು ದೊಡ್ಡ ಮಳಿಗೆಗಳು ಮಾಡಿಕೊಡಲಾಗದ ಕೆಲಸವನ್ನು ದಿನವೂ ಮಾಡಿಕೊಡುತ್ತಿರುವುದರಿಂದ.

ಈ ಪೇಟೆಗಳು ಇಂದಿನ ರೂಪ ಪಡೆದದ್ದು ಯಾರ ಯೋಜನೆಯಿಂದಲೂ ಅಲ್ಲ. 1945ರಲ್ಲಿ ಜಪಾನ್ ಸೋತು ಶರಣಾದಾಗ ಊರಿಗೆ ಮರಳಲು ಹೊರಟ ಜಪಾನೀಯರು ಮನೆಯ ಸಾಮಾನು ಸರಂಜಾಮುಗಳನ್ನು ಸಿಕ್ಕ ಬೆಲೆಗೆ ಮಾರಿದರು. ಅತ್ತ ಜಪಾನಿನಿಂದ ಬರಿಗೈಯಲ್ಲಿ ಹಿಂತಿರುಗಿದ ಕೊರಿಯನ್ನರು ಅವನ್ನೇ ಕೊಂಡು ಮಾರಿ ಹೊಟ್ಟೆ ಹೊರೆದುಕೊಂಡರು. ಗುಕ್ಜೆ ಪೇಟೆ ಹುಟ್ಟಿದ್ದು ಹಾಗೆ. 1950ರಲ್ಲಿ ಕೊರಿಯಾ ಯುದ್ಧ ಸಿಡಿದಾಗ ಉತ್ತರ ಕೊರಿಯಾದ ಪಡೆಗಳ ಕೈಗೆ ಸಿಗದೆ ಉಳಿದ ಬುಸಾನ್ ತಾತ್ಕಾಲಿಕ ರಾಜಧಾನಿಯಾಯಿತು, ನಿರಾಶ್ರಿತರು ಲಕ್ಷಗಟ್ಟಲೆ ಬಂದು ತುಂಬಿಕೊಂಡರು. ಹೊಲವಿಲ್ಲ, ನೌಕರಿಯಿಲ್ಲ, ಉಳಿದದ್ದು ವ್ಯಾಪಾರ ಒಂದೇ. ಅಮೆರಿಕದ ಸೇನಾ ನೆಲೆಗಳಿಂದ ಹೊರಬಿದ್ದ ಡಬ್ಬಿ ಆಹಾರ ಬುಪ್ಯೊಂಗ್‌ನಲ್ಲಿ ಬಿಕರಿಯಾಯಿತು, ಹಳೆಯ ಪುಸ್ತಕ ಪತ್ರಿಕೆಗಳು ಬೊಸು-ದೊಂಗ್ ಓಣಿಯಲ್ಲಿ. 1953ರ ಜನವರಿಯಲ್ಲಿ ಗುಕ್ಜೆ ಬೆಂಕಿಗೆ ಆಹುತಿಯಾಯಿತು, ಮತ್ತೆ ಎದ್ದಿತು. ಇಂದಿಗೂ ಅಲ್ಲಿ ಕನ್ನಡಕದ ಅಂಗಡಿಗಳೆಲ್ಲ ಒಂದು ಕಡೆ, ದೀಪಗಳದ್ದು ಇನ್ನೊಂದು ಕಡೆ. ಒಂದೇ ಸರಕಿನವರು ಮಗ್ಗುಲಲ್ಲಿ ಕೂತಾಗ ಗಿರಾಕಿ ನಾಲ್ಕು ಹೆಜ್ಜೆಯಲ್ಲಿ ದರ ಹೋಲಿಸಿಬಿಡಬಹುದು, ಹಾಗಾಗಿ ಬಾಯಿಗೆ ಬಂದ ಬೆಲೆ ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಕೊನೆಗೆ ಪೈಪೋಟಿ ನಡೆಯುವುದು ಸರಕಿನ ತಿಳಿವಳಿಕೆಯಲ್ಲಿ, ಮಾತಿನಲ್ಲಿ, ಕೈಮೇಲೆ ಹಾಕುವ ಕೊಸರಿನಲ್ಲಿ.

ಜಾಗಾಲ್ಚಿಯಲ್ಲಿ ಇದು ಇನ್ನೂ ಸ್ಪಷ್ಟ. 2006ರಲ್ಲಿ ಎದ್ದ ಹೊಸ ಕಟ್ಟಡದ ನೆಲಮಹಡಿಯ ತೊಟ್ಟಿಗಳಲ್ಲಿ ಜೀವಂತ ಮೀನು, ಏಡಿ, ಚಿಪ್ಪು. ಗಿರಾಕಿ ಬೆರಳು ತೋರಿಸಿದ ಮೀನನ್ನು ಬುಟ್ಟಿಗೆ ಹಾಕಿ ತೂಗುತ್ತಾರೆ, ದರ ಕುದುರಿದ ಕೂಡಲೇ ಹಲಗೆಯ ಮೇಲಿಟ್ಟು ಚರ್ಮ ಸುಲಿದು, ಮುಳ್ಳಿನಿಂದ ಮಾಂಸ ಬಿಡಿಸಿ, ತೆಳುವಾಗಿ ಹಚ್ಚುತ್ತಾರೆ. ಮೇಲಿನ ಮಹಡಿಯ ಊಟದ ಮನೆಗೆ ಅದು ಹೋಗುತ್ತದೆ. ಅಲ್ಲಿ ಕೂರುವುದಕ್ಕೆ, ಸೊಪ್ಪು, ಬೆಳ್ಳುಳ್ಳಿ, ಖಾರದ ಗೊಜ್ಜಿಗೆ ಪ್ರತ್ಯೇಕ ದುಡ್ಡು. ಉಳಿದ ತಲೆ, ಮುಳ್ಳು ಖಾರದ ಸಾರಾಗುತ್ತದೆ. ಮೀನಿನ ಯಾವ ಭಾಗವೂ ದಂಡವಾಗದ ಈ ಏರ್ಪಾಡು ಬಡತನ ಕಲಿಸಿದ್ದು. ಹಾವಿನಂತೆ ಉದ್ದವಾದ, ದವಡೆಯಿಲ್ಲದ ಕೊಮ್‌ಜಾಂಗೊ ಎಂಬ ಮೀನನ್ನೇ ನೋಡಿ: ಚರ್ಮವನ್ನು ತೊಗಲಿನ ಕಾರ್ಖಾನೆಗೆ ಕೊಟ್ಟು ಮಾಂಸವನ್ನು ಎಸೆಯುತ್ತಿದ್ದರು. ಹಸಿದವರು ಅದನ್ನು ಹೆಕ್ಕಿ ಕೆಂಡದ ಮೇಲೆ ಸುಟ್ಟು ತಿಂದರು, ಮಾರಿದರು. ಈಗ ಬುಸಾನ್‌ಗೆ ಬಂದವರು ಹುಡುಕಿಕೊಂಡು ಹೋಗುವ ಊಟಗಳಲ್ಲಿ ಅದೂ ಒಂದು. ಈ ಮಾರಾಟದ ಬೆನ್ನೆಲುಬು ಹೆಂಗಸರು. ರಬ್ಬರ್ ಬೂಟು, ಏಪ್ರನ್ ತೊಟ್ಟು ಬುಸಾನ್ ಆಡುನುಡಿಯಲ್ಲಿ ಕೂಗಿ ಕರೆಯುವ ಇವರು ದೇಶಕ್ಕೆಲ್ಲ ಪರಿಚಿತರು. ಮಂಗಳೂರಿನ ದಕ್ಕೆಯಲ್ಲಿ ಬಂಗುಡೆಯ ಬುಟ್ಟಿಯ ಮುಂದೆ ಕೂತ ಹೆಂಗಸರನ್ನು ಬಲ್ಲವರಿಗೆ ಈ ಕಸುಬಿನ ಗತ್ತು ಥಟ್ಟನೆ ಅರ್ಥವಾಗುತ್ತದೆ. ಬುಸಾನ್‌ನ ಮುಖ್ಯ ಮೀನೂ ಬಂಗುಡೆಯ ಬಳಗದ್ದೇ. ಕೊರಿಯಾದಲ್ಲಿ ಹರಾಜಾಗುವ ಆ ಮೀನಿನ ಬಹುಪಾಲು ಹಾದುಹೋಗುವುದು 1963ರಲ್ಲಿ ಶುರುವಾದ ಇಲ್ಲಿನ ಸಹಕಾರಿ ಸಗಟು ಮಾರುಕಟ್ಟೆಯ ಮೂಲಕ.

ಇದೆಲ್ಲ ಕಾನೂನಿನ ಕೃಪೆ, ಸರ್ಕಾರ ಅಡ್ಡ ನಿಲ್ಲದಿದ್ದರೆ ದೊಡ್ಡ ಮಳಿಗೆಗಳು ಇವನ್ನು ನುಂಗಿಬಿಡುತ್ತಿದ್ದವು ಎನ್ನುವವರಿದ್ದಾರೆ. ಆಸರೆ ಇರುವುದು ನಿಜ. ಸಾಂಪ್ರದಾಯಿಕ ಪೇಟೆಗಳಿಂದ 1 ಕಿಲೋಮೀಟರ್ ಒಳಗೆ ಹೊಸ ದೊಡ್ಡ ಅಂಗಡಿಗೆ ನಿರ್ಬಂಧವಿದೆ. 2012ರಿಂದ ದೊಡ್ಡ ಮಾರ್ಟ್‌ಗಳು ತಿಂಗಳಿಗೆ ಎರಡು ದಿನ ಕಡ್ಡಾಯವಾಗಿ ಮುಚ್ಚಬೇಕು. ಪೇಟೆಗಳಲ್ಲಿ ಬಳಸಲೆಂದೇ 2009ರಲ್ಲಿ ಒನ್ನುರಿ ಎಂಬ ಕೂಪನ್ ಬಂತು. ಆದರೆ ವಾಲ್‌ಮಾರ್ಟ್ ಮತ್ತು ಕಾರ್‌ಫೂರ್ ಕೊರಿಯಾದಿಂದ ಗಂಟುಮೂಟೆ ಕಟ್ಟಿದ್ದು 2006ರಲ್ಲಿ, ರಜೆಯ ಕಾನೂನಿಗೆ ಆರು ವರ್ಷ ಮೊದಲೇ. ಗೋದಾಮಿನಂಥ ಎತ್ತರದ ಕಪಾಟುಗಳಲ್ಲಿ ಪೆಟ್ಟಿಗೆ ಜೋಡಿಸಿಟ್ಟ ಆ ಪದ್ಧತಿ, ತಾಜಾ ಮೀನು ಸೊಪ್ಪನ್ನು ಮುಟ್ಟಿ ನೋಡಿ ಕೊಳ್ಳುವ ಮನೆಗಳಿಗೆ ಹಿಡಿಸಲಿಲ್ಲ. ಗೆದ್ದ ದೇಶೀ ಮಾರ್ಟ್‌ಗಳು ತಾಜಾ ಆಹಾರವನ್ನು ಮುಂದಿಟ್ಟು, ರುಚಿ ನೋಡಲು ತುಣುಕು ಕೊಟ್ಟು, ಕೂಗಿ ಕರೆದು ಮಾರಿದವು. ಅಂದರೆ ಪೇಟೆಯ ಪಾಠವನ್ನೇ ಓದಿದವು. 2009ರ ಕೊನೆಗೆ ಹಳೆಯ ನಗರಸಭೆಯ ನಿವೇಶನದಲ್ಲಿ, ಜಾಗಾಲ್ಚಿಯಿಂದ ನಡೆದೇ ಹೋಗುವಷ್ಟು ಹತ್ತಿರ, ಲೊಟ್ಟೆಯ ಭಾರಿ ಮಳಿಗೆ ತೆರೆಯಿತು. ಮೀನು ಮಾರುಕಟ್ಟೆ ಕದಲಲಿಲ್ಲ. ಇನ್ನು ಮಾರ್ಟ್‌ಗಳ ರಜೆಯ ದಿನ ಗಿರಾಕಿ ಪೇಟೆಗೇ ಬರುತ್ತಾನೆ ಎಂಬ ಲೆಕ್ಕಾಚಾರವನ್ನು ಬೆಳಗಾಗುವುದರೊಳಗೆ ಮನೆ ಬಾಗಿಲಿಗೆ ತರಕಾರಿ ತಂದಿಡುವ ಆನ್‌ಲೈನ್ ಕಂಪನಿಗಳು ತಲೆಕೆಳಗು ಮಾಡಿವೆ. ಬುಸಾನ್‌ನ ಆಡಳಿತವೇ 2024ರಲ್ಲಿ ಮಾರ್ಟ್‌ಗಳ ರಜೆಯನ್ನು ಭಾನುವಾರದಿಂದ ಕೆಲಸದ ದಿನಕ್ಕೆ ಸರಿಸತೊಡಗಿತು. ಎದುರಿನ ಅಂಗಡಿಯ ಬಾಗಿಲು ಹಾಕಿಸಿದ ಮಾತ್ರಕ್ಕೆ ನಮ್ಮ ಅಂಗಡಿಗೆ ಜನ ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗಾಯಿತು.

ಪ್ರವಾಸಿಗಳಿಗಾಗಿ ನಡೆಸುವ ಪ್ರದರ್ಶನವಷ್ಟೇ ಇದು ಎಂಬ ಆಕ್ಷೇಪದಲ್ಲೂ ಸ್ವಲ್ಪ ಹುರುಳಿದೆ. 2014ರಲ್ಲಿ ತೆರೆಕಂಡ, ಗುಕ್ಜೆ ಪೇಟೆಯ ಹೆಸರನ್ನೇ ಹೊತ್ತ ಸಿನಿಮಾ ಕೋಟಿಗೂ ಮೀರಿ ಪ್ರೇಕ್ಷಕರನ್ನು ಕಂಡಾಗ, ಅದರಲ್ಲಿ ಕಾಣಿಸಿದ ಪುಟ್ಟ ಅಂಗಡಿಯ ಮುಂದೆ ಫೋಟೊ ತೆಗೆಯುವವರೇ ತುಂಬಿಕೊಂಡರು. 2013ರಲ್ಲಿ ಶುರುವಾದ ಬುಪ್ಯೊಂಗ್ ರಾತ್ರಿ ಪೇಟೆಯ ತಳ್ಳುಗಾಡಿಗಳ ಕಣ್ಣೂ ಹೊರಗಿನವರ ಮೇಲೆಯೇ. ಆದರೆ ಬುಸಾನ್‌ನ ಅತಿ ದೊಡ್ಡ ಪೇಟೆಗಳಲ್ಲಿ ಒಂದಾದ ಬುಜೊನ್‌ಗೆ ಹೋಗಿ ನೋಡಬೇಕು. ರೈಲು ನಿಲ್ದಾಣದ ಪಕ್ಕದ ಆ ಓಣಿಗಳಲ್ಲಿ ಕ್ಯಾಮೆರಾ ಹಿಡಿದವರು ಅಪರೂಪ. ಕಿಮ್ಚಿಗೆ ಕೋಸು, ಮೂಲಂಗಿ, ಜಿನ್ಸೆಂಗ್ ಬೇರು, ಒಣಮೀನು ಕೊಳ್ಳುವ ಅಕ್ಕಪಕ್ಕದ ಮನೆಯವರೇ ಎಲ್ಲ. ಗುಪೊದಲ್ಲಿ 3 ಮತ್ತು 8 ಬರುವ ತಾರೀಕುಗಳಿಗೆ ಐದು ದಿನಕ್ಕೊಮ್ಮೆಯ ಸಂತೆ ಇನ್ನೂ ಸೇರುತ್ತದೆ. ಬಹುಕಾಲ ಟೀಕೆಗೆ ಗುರಿಯಾಗಿದ್ದ ನಾಯಿಮಾಂಸದ ಅಂಗಡಿಗಳನ್ನು 2019ರಲ್ಲಿ ಮಾತುಕತೆಯ ಮೂಲಕ ಮುಚ್ಚಿದ್ದೂ ಅದೇ ಗುಪೊದಲ್ಲಿ. ಬರಿಯ ಪಳೆಯುಳಿಕೆಯಾಗಿದ್ದರೆ ಅದು ಹೀಗೆ ಬದಲಾಗುತ್ತಿರಲಿಲ್ಲ.

ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ವಯಸ್ಸಿನದು. ಹಲಗೆಯ ಮುಂದೆ ಕೂತವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ; ಕಸುಬೇ ಪೇಟೆಯ ಬಂಡವಾಳ ಎಂದಾದರೆ ಕಸುಬುದಾರರಿಲ್ಲದ ದಿನ ಅದೂ ಕರಗುತ್ತದೆ. ಇದನ್ನು ಒಪ್ಪಲೇಬೇಕು. ದಾರಿಯೇ ಇಲ್ಲವೆಂದಲ್ಲ: ಯೊಂಗ್ದೊ ದ್ವೀಪದ ಮಾರುಕಟ್ಟೆಯೊಂದರಲ್ಲಿ 1953ರಲ್ಲಿ ಶುರುವಾದ ಸಾಮ್ಜಿನ್ ಎಂಬ ಮೀನಿನ ವಡೆಯ ಅಂಗಡಿಯನ್ನು ಮೊಮ್ಮಗನ ತಲೆಮಾರು 2013ರಲ್ಲಿ ಬೇಕರಿಯಂತೆ ಮಾರ್ಪಡಿಸಿತು, ಗಿರಾಕಿ ತಟ್ಟೆ ಹಿಡಿದು ಬೇಕಾದ್ದನ್ನು ಆಯ್ದುಕೊಳ್ಳುವಂತೆ. ಬಡವರ ತಿಂಡಿಗೆ ಹೊಸ ಮರ್ಯಾದೆ ಬಂತು. ಅದು ಮನೆತನದ ಸ್ವಂತ ಅಂಗಡಿ. ಬೀದಿಬದಿಯಲ್ಲಿ ಬುಟ್ಟಿ ಇಟ್ಟು ಕೂತವರಿಗೆ ಹಾಗೆ ದಾಟಿಸಿಕೊಡಲು ಕಟ್ಟಡವಿಲ್ಲ, ಹೆಸರಿಲ್ಲ, ಚೂರಿಯ ಹದ ಮಾತ್ರ ಇದೆ. ಸರ್ಕಾರ ಎರಡು ದಶಕಗಳಿಂದ ಪೇಟೆಗಳಿಗೆ ಸೂರು ಹೊದಿಸಲು, ವಾಹನ ನಿಲ್ಲಿಸಲು ಜಾಗ ಮಾಡಲು ಹಣ ಸುರಿದಿದೆ. ಅದರಲ್ಲಿ ಒಂದು ಪಾಲನ್ನು ಆ ಚೂರಿಯ ಕೆಲಸ ಕಲಿಯಬಯಸುವ ಹುಡುಗ ಹುಡುಗಿಯರ ಕೂಲಿಗೆ, ಕಲಿಸುವ ಹೆಂಗಸರ ಗೌರವಧನಕ್ಕೆ, ಮೊದಲ ಎರಡು ವರ್ಷದ ಅಂಗಡಿ ಬಾಡಿಗೆಗೆ ಎತ್ತಿಡುವುದು ಮಾರ್ಟ್‌ಗಳಿಗೆ ಬೀಗ ಹಾಕಿಸುವುದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು, ಅದೂ ಕಲಿಸಬಲ್ಲವರು ಇನ್ನೂ ಹಲಗೆಯ ಮುಂದೆ ಇರುವಾಗಲೇ.