ಪೂರ್ಣ ವರ್ಗ ತ್ರಿಪದೋಕ್ತಿಯ ಅಪವರ್ತಿಸುವಿಕೆ

ಪೂರ್ಣ ವರ್ಗ ತ್ರಿಪದೋಕ್ತಿ ಎಂದರೆ ಒಂದು ದ್ವಿಪದೋಕ್ತಿಯನ್ನು ಅದರಿಂದಲೇ ಗುಣಿಸಿದಾಗ ದೊರೆಯುವ, ಮೂರು ಪದಗಳುಳ್ಳ ಬೀಜೋಕ್ತಿ. ಅಂತಹ ಬೀಜೋಕ್ತಿಯನ್ನು ಗುರುತಿಸಿ, ಅದನ್ನು ಮೂಲ ದ್ವಿಪದೋಕ್ತಿಯ ವರ್ಗವಾಗಿ ಮರಳಿ ಬರೆಯುವುದನ್ನು ಅದರ ಅಪವರ್ತಿಸುವಿಕೆ ಎನ್ನುತ್ತಾರೆ. ಪ್ರೌಢಶಾಲೆಯ ಬೀಜಗಣಿತದಲ್ಲಿ ಕಲಿಸುವ ಈ ಕ್ರಮವು ಮುಂದೆ ವರ್ಗ ಸಮೀಕರಣಗಳನ್ನು ಬಿಡಿಸಲು ಆಧಾರವಾಗುತ್ತದೆ.

ನಿತ್ಯ ಸಮೀಕರಣಗಳು

ಅ ಮತ್ತು ಬ ಯಾವುದೇ ಎರಡು ರಾಶಿಗಳಾಗಿದ್ದು, ಅವುಗಳ ಗುಣಲಬ್ಧವನ್ನು ಅಬ ಎಂದು ಬರೆದರೆ,

(ಅ + ಬ)² = ಅ² + 2ಅಬ + ಬ²
(ಅ − ಬ)² = ಅ² − 2ಅಬ + ಬ²

ಎಡದಿಂದ ಬಲಕ್ಕೆ ಓದಿದರೆ ಇವು ವಿಸ್ತರಣೆಯ ಸೂತ್ರಗಳು. ಬಲದಿಂದ ಎಡಕ್ಕೆ ಓದಿದರೆ ಅಪವರ್ತಿಸುವಿಕೆಯ ಸೂತ್ರಗಳು.

ಮಧ್ಯಪದದ ಅರ್ಥ

ಒಂದು ಚೌಕದ ಬಾಹುವಿನ ಉದ್ದ 13 ಮೀಟರ್ ಇದೆ ಎಂದು ಭಾವಿಸಿ, ಪ್ರತಿ ಬಾಹುವನ್ನೂ 10 ಮತ್ತು 3 ಮೀಟರ್‌ಗಳಾಗಿ ವಿಭಾಗಿಸಿ ಗೆರೆ ಎಳೆದರೆ ನಾಲ್ಕು ಭಾಗಗಳು ದೊರೆಯುತ್ತವೆ. ಅವುಗಳಲ್ಲಿ ಎರಡು ಚೌಕಗಳು. ಅವುಗಳ ವಿಸ್ತೀರ್ಣ 100 ಮತ್ತು 9 ಚದರ ಮೀಟರ್. ಉಳಿದ ಎರಡು ಆಯತಗಳ ವಿಸ್ತೀರ್ಣ ತಲಾ 30 ಚದರ ಮೀಟರ್. ಒಟ್ಟು 100 + 60 + 9 = 169; ಇದೇ 13ರ ವರ್ಗ. ಎರಡು ಚೌಕಗಳನ್ನು ಮಾತ್ರ ಕೂಡಿಸಿದರೆ 109 ಮಾತ್ರ ಬರುತ್ತದೆ. ಹೀಗಾಗಿ (ಅ + ಬ)² ಎಂಬುದನ್ನು ಅ² + ಬ² ಎಂದು ಬರೆಯುವುದು ಎರಡು ಆಯತಗಳನ್ನು ಕೈಬಿಟ್ಟಂತೆ. ತ್ರಿಪದೋಕ್ತಿಯು ಪೂರ್ಣ ವರ್ಗ ಹೌದೋ ಅಲ್ಲವೋ ಎಂಬುದನ್ನು ಕೊನೆಗೆ ನಿರ್ಧರಿಸುವುದೂ ಈ ಆಯತಗಳನ್ನು ಸೂಚಿಸುವ ಮಧ್ಯಪದವೇ.

ಗುರುತಿಸುವ ಕ್ರಮ

1. ಮೂರು ಪದಗಳಿಗೂ ಸಾಮಾನ್ಯವಾದ ಅಪವರ್ತನವಿದ್ದರೆ ಅದನ್ನು ಮೊದಲು ಹೊರತೆಗೆಯಬೇಕು.
2. ಪದಗಳನ್ನು ಅವ್ಯಕ್ತ ರಾಶಿಯ ಘಾತಗಳ ಇಳಿಕೆ ಕ್ರಮದಲ್ಲಿ ಜೋಡಿಸಬೇಕು.
3. ಮೊದಲ ಮತ್ತು ಕೊನೆಯ ಪದಗಳು ಧನಾತ್ಮಕ ಪೂರ್ಣ ವರ್ಗಗಳೇ ಎಂದು ನೋಡಿ, ಅವುಗಳ ವರ್ಗಮೂಲಗಳನ್ನು ಬರೆಯಬೇಕು.
4. ಆ ವರ್ಗಮೂಲಗಳ ಗುಣಲಬ್ಧದ ಎರಡರಷ್ಟು ಮಧ್ಯಪದಕ್ಕೆ ಸಮವೇ ಎಂದು ಪರೀಕ್ಷಿಸಬೇಕು. ಈ ಹಂತದಲ್ಲಿ ಚಿಹ್ನೆಯನ್ನು ಗಣಿಸಬೇಕಿಲ್ಲ.
5. ಸಮವಾಗಿದ್ದರೆ, ಮಧ್ಯಪದದ ಚಿಹ್ನೆಯನ್ನೇ ವರ್ಗಮೂಲಗಳ ನಡುವೆ ಇರಿಸಿ ದ್ವಿಪದೋಕ್ತಿಯ ವರ್ಗವಾಗಿ ಬರೆಯಬೇಕು.

ಉದಾಹರಣೆಗಳು

ಮುಂದಿನ ಉದಾಹರಣೆಗಳಲ್ಲಿ ಯ ಎಂಬುದು ಅವ್ಯಕ್ತ ರಾಶಿ.

ಯ² + 10ಯ + 25: ವರ್ಗಮೂಲಗಳು ಯ ಮತ್ತು 5. ಅವುಗಳ ಗುಣಲಬ್ಧದ ಎರಡರಷ್ಟು 10ಯ. ಆದ್ದರಿಂದ ಉತ್ತರ (ಯ + 5)².

9ಯ² − 24ಯ + 16: ವರ್ಗಮೂಲಗಳು 3ಯ ಮತ್ತು 4. 2 × 3ಯ × 4 = 24ಯ. ಮಧ್ಯಪದವು ಋಣಾತ್ಮಕವಾದ್ದರಿಂದ ಉತ್ತರ (3ಯ − 4)².

2ಯ² + 28ಯ + 98: ಮೊದಲ ನೋಟಕ್ಕೆ 2 ಆಗಲಿ 98 ಆಗಲಿ ಪೂರ್ಣ ವರ್ಗವಲ್ಲ. ಸಾಮಾನ್ಯ ಅಪವರ್ತನವಾದ 2ನ್ನು ಹೊರತೆಗೆದರೆ 2(ಯ² + 14ಯ + 49), ಅಂದರೆ 2(ಯ + 7)² ದೊರೆಯುತ್ತದೆ.

ಸಾಮಾನ್ಯ ತಪ್ಪುಗಳು

ಎರಡು ತುದಿಯ ಪದಗಳನ್ನಷ್ಟೇ ನೋಡಿ ತೀರ್ಮಾನಿಸುವುದು ಹೆಚ್ಚಾಗಿ ಕಂಡುಬರುವ ತಪ್ಪು. ಯ² + 13ಯ + 36 ಎಂಬಲ್ಲಿ ತುದಿಗಳೆರಡೂ ಪೂರ್ಣ ವರ್ಗಗಳೇ. ಆದರೆ ಪೂರ್ಣ ವರ್ಗವಾಗಲು ಮಧ್ಯಪದ 12ಯ ಇರಬೇಕಿತ್ತು. ಆದ್ದರಿಂದ (ಯ + 6)² ಎಂಬುದು ತಪ್ಪು ಉತ್ತರ. ಸರಿಯಾದ ಅಪವರ್ತನಗಳು (ಯ + 4)(ಯ + 9). ಪೂರ್ಣ ವರ್ಗವಲ್ಲದ ತ್ರಿಪದೋಕ್ತಿಗೂ ಅಪವರ್ತನಗಳಿರಬಹುದು ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ.

ಚಿಹ್ನೆಯಲ್ಲಿ ಎಡವುವುದು ಇನ್ನೊಂದು ತಪ್ಪು. ಯ² + 10ಯ − 25 ಪೂರ್ಣ ವರ್ಗವಲ್ಲ. ಏಕೆಂದರೆ ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣಾತ್ಮಕವಾಗಲಾರದು. ಆದರೆ −ಯ² + 8ಯ − 16 ಎಂಬಲ್ಲಿ −1ನ್ನು ಹೊರತೆಗೆದರೆ −(ಯ − 4)² ದೊರೆಯುತ್ತದೆ. ಬಂದ ಉತ್ತರವನ್ನು ಮತ್ತೆ ಗುಣಿಸಿ ನೋಡಿದರೆ ಇಂತಹ ತಪ್ಪುಗಳು ಕೂಡಲೇ ಬೆಳಕಿಗೆ ಬರುತ್ತವೆ.

ಉಪಯೋಗಗಳು

ಮನೋಗಣಿತದಲ್ಲಿ 97² = (100 − 3)² = 10000 − 600 + 9 = 9409 ಎಂದು ಸುಲಭವಾಗಿ ಲೆಕ್ಕ ಹಾಕಬಹುದು. ಆದರೆ ಈ ಸೂತ್ರದ ಮುಖ್ಯ ಪ್ರಯೋಜನವಿರುವುದು ವರ್ಗ ಸಮೀಕರಣಗಳಲ್ಲಿ. ಯ² + 10ಯ = 39 ಎಂಬುದರ ಎಡಭಾಗದಲ್ಲಿ ಎರಡು ಪದಗಳಷ್ಟೇ ಇವೆ. ಯ ದ ಸಹಗುಣಕವಾದ 10ರ ಅರ್ಧ 5; ಅದರ ವರ್ಗವಾದ 25ನ್ನು ಎರಡೂ ಕಡೆ ಕೂಡಿಸಿದರೆ (ಯ + 5)² = 64 ಆಗುತ್ತದೆ. ಆಗ ಯ + 5ರ ಬೆಲೆ 8 ಅಥವಾ −8; ಆದ್ದರಿಂದ ಯ = 3 ಅಥವಾ −13. ಇದಕ್ಕೆ ವರ್ಗವನ್ನು ಪೂರ್ಣಗೊಳಿಸುವ ವಿಧಾನ ಎಂದು ಹೆಸರು. ವರ್ಗ ಸಮೀಕರಣದ ಮೂಲಗಳನ್ನು ಕಂಡುಹಿಡಿಯುವ ಸಾಮಾನ್ಯ ಸೂತ್ರವನ್ನು ಈ ವಿಧಾನದಿಂದಲೇ ಪಡೆಯಬಹುದು.

ಇತಿಹಾಸ

ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಎರಡನೆಯ ಭಾಗದಲ್ಲಿ ಈ ನಿತ್ಯ ಸಮೀಕರಣವು ರೇಖಾಗಣಿತದ ಪ್ರಮೇಯವಾಗಿ ಬಂದಿದೆ. ಆರ್ಯಭಟನು ‘ಆರ್ಯಭಟೀಯ’ದಲ್ಲಿ ಇದನ್ನು ಮಧ್ಯಪದದ ಕಡೆಯಿಂದ ನೋಡಿದ್ದಾನೆ: ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ಅವುಗಳ ವರ್ಗಗಳ ಮೊತ್ತವನ್ನು ಕಳೆದು ಅರ್ಧ ಮಾಡಿದರೆ ಆ ಸಂಖ್ಯೆಗಳ ಗುಣಲಬ್ಧ ದೊರೆಯುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಸಂಖ್ಯೆಗಳನ್ನು ವರ್ಗಿಸಲು ಇದೇ ತತ್ತ್ವವನ್ನು ನಿಯಮವಾಗಿ ಹೇಳಿದ್ದಾನೆ. ಮೇಲೆ ಬಿಡಿಸಿದ ಯ² + 10ಯ = 39 ಎಂಬ ಸಮೀಕರಣವು 9ನೆಯ ಶತಮಾನದ ಅಲ್-ಖ್ವಾರಿಜ್ಮಿಯ ಕೃತಿಯಲ್ಲಿರುವ ಪ್ರಸಿದ್ಧ ಉದಾಹರಣೆ; ಅವನು ಚೌಕದ ಚಿತ್ರದ ಮೂಲಕ ಅದನ್ನು ವಿವರಿಸಿ 3 ಎಂಬ ಧನಾತ್ಮಕ ಮೂಲವನ್ನಷ್ಟೇ ಸ್ವೀಕರಿಸಿದನು.

ಶ್ರೀಧರಾಚಾರ್ಯನ ನಿಯಮವನ್ನು ಎರಡನೆಯ ಭಾಸ್ಕರಾಚಾರ್ಯನು ತನ್ನ ‘ಬೀಜಗಣಿತ’ದಲ್ಲಿ ಉಲ್ಲೇಖಿಸಿದ್ದಾನೆ. ಅದರಂತೆ ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಕಡೆ ಗುಣಿಸಿ, ಅವ್ಯಕ್ತದ ಮೂಲ ಸಹಗುಣಕದ ವರ್ಗವನ್ನು ಕೂಡಿಸಬೇಕು. 3ಯ² + 2ಯ = 16 ಎಂಬುದನ್ನು 12ರಿಂದ ಗುಣಿಸಿ 4ನ್ನು ಕೂಡಿಸಿದರೆ 36ಯ² + 24ಯ + 4 = 196, ಅಂದರೆ (6ಯ + 2)² = 14² ಆಗುತ್ತದೆ; ಇದರಿಂದ ಯ = 2 ಎಂಬ ಧನಾತ್ಮಕ ಮೂಲ ದೊರೆಯುತ್ತದೆ. ವರ್ಗವನ್ನು ಪೂರ್ಣಗೊಳಿಸುವಾಗ ಭಿನ್ನರಾಶಿಗಳು ಬಾರದಿರುವುದು ಈ ವಿಧಾನದ ವೈಶಿಷ್ಟ್ಯ.