ಹಾರುವ ಬಿಲ್ಲೆಯೂ ತ್ರೈರಾಶಿಕವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಸೈನ್ಯದಲ್ಲಿದ್ದಾಗ ತೋಟೆಕೋವಿಯಿಂದ ಹಾರುವ ಬಿಲ್ಲೆಗೆ ಗುರಿಯಿಡುವ ಕ್ರೀಡೆಯನ್ನು ಅಭ್ಯಾಸ ಮಾಡಿದವರು. ಈಗ ಅವರ ಮಗಳು ಅದನ್ನು ಕಲಿಯುತ್ತಿದ್ದಾಳೆ. "ಮಾಸ್ಟ್ರೇ, ತಗ್ಗಿನಲ್ಲಿ ವೇಗವಾಗಿ ಅಡ್ಡ ಹಾರುವ ಬಿಲ್ಲೆ ಮಾತ್ರ ಅವಳಿಗೆ ತಪ್ಪುತ್ತದೆ. ಕೈಯ ಕ್ರಮ ನನಗೆ ಗೊತ್ತು, ಕಾರಣವನ್ನು ನೀವು ಕನ್ನಡದಲ್ಲಿ ಬರೆದುಕೊಡಬೇಕು" ಎಂದು ಅವರು ಕೇಳಿದರು. ನಾನು ಕೋವಿ ಹಿಡಿದವನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂತಹ ವಿಷಯಗಳು ಎಟಕುವುದೆಂತು ಎಂದು ಕೇಳುವ ತಂದೆತಾಯಂದಿರು ಈ ಗಡಿನಾಡಿನಲ್ಲಿ ಹೆಚ್ಚುತ್ತಿದ್ದಾರೆ. ಆದುದರಿಂದ ಕೈಯ ಕ್ರಮವನ್ನು ಅವರಿಂದ ಕೇಳಿ ತಿಳಿದು, ಕಾರಣವನ್ನು ನಮ್ಮ ತರಗತಿಯ ಲೆಕ್ಕದಿಂದಲೇ ಇಲ್ಲಿ ವಿವರಿಸುತ್ತೇನೆ.

ಮೊದಲು ಕ್ರೀಡೆಯ ಪರಿಚಯ. ನೆರೆಯ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನಮ್ಮಲ್ಲಿ ಹಲವರು ಬಲ್ಲರು. ಅಲ್ಲಿ ಗುರಿ ನಿಂತಿರುತ್ತದೆ. ಇಲ್ಲಿ ಗುರಿಯೇ ಹಾರುತ್ತದೆ. ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. ಅನಂತರ ಗಾಜಿನ ಚೆಂಡುಗಳು ಬಂದವು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬವರು ಮಣ್ಣಿನ ಬಿಲ್ಲೆಯನ್ನು ಬಳಕೆಗೆ ತಂದರು. ಇಂದಿನ ಬಿಲ್ಲೆ ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂತಹ ಅಂಟಿನಿಂದ ಮಾಡಿದ್ದು. ಅಗಲ 11 ಸೆಂಟಿಮೀಟರ್, ತೂಕ 105 ಗ್ರಾಂ. ಆದರೂ ಹಳೆಯ ಹೆಸರು ಉಳಿದಿದೆ.

ಈ ಕ್ರೀಡೆಯ ಒಂದು ಪ್ರಕಾರ ಸ್ಕೀಟ್. ಮೈದಾನದ ಎರಡು ತುದಿಗಳಲ್ಲಿ ಎರಡು ಪುಟ್ಟ ಮನೆಗಳು. ಎಡಗಡೆಯ ಮನೆಯಿಂದ ಸುಮಾರು 3 ಮೀಟರ್ ಎತ್ತರದಲ್ಲಿ, ಬಲಗಡೆಯ ಮನೆಯಿಂದ ಸುಮಾರು 1 ಮೀಟರ್ ಎತ್ತರದಲ್ಲಿ ಯಂತ್ರವು ಬಿಲ್ಲೆಯನ್ನು ಎಸೆಯುತ್ತದೆ. ಅರ್ಧವೃತ್ತದ ನಡುವಿನ ನಾಲ್ಕನೆಯ ನೆಲೆಯಲ್ಲಿ ನಿಂತವರಿಗೆ ಅದು ನೇರ ಅಡ್ಡವಾಗಿ ಸಾಗುತ್ತದೆ. ಒಲಿಂಪಿಕ್ ನಿಯಮದಂತೆ ಬಿಲ್ಲೆ ಕಾಣಿಸುವವರೆಗೆ ಕೋವಿಯ ಬುಡ ಸೊಂಟದ ಮಟ್ಟದಲ್ಲಿರಬೇಕು. ಕರೆ ಕೊಟ್ಟ ಮೇಲೆ ಬಿಲ್ಲೆ ಹೊರಡಲು 3 ಸೆಕೆಂಡುಗಳವರೆಗೂ ತಡವಾಗಬಹುದು.

ಈಗ ಲೆಕ್ಕಕ್ಕೆ ಬರೋಣ. ಬಿಲ್ಲೆ ನಮ್ಮೆದುರು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾಯುತ್ತಿದೆ ಎಂದಿಟ್ಟುಕೊಳ್ಳಿ. ನಮಗೂ ಅದಕ್ಕೂ ದೂರ 20 ಮೀಟರ್. ತೋಟೆಯಿಂದ ಹೊರಟ ಚರೆಗಳ ಸರಾಸರಿ ವೇಗ ಸೆಕೆಂಡಿಗೆ 350 ಮೀಟರ್. ತ್ರೈರಾಶಿಕ ಹಾಕಿದರೆ ಚರೆ ಅಲ್ಲಿಗೆ ತಲುಪಲು 0.057 ಸೆಕೆಂಡು ಬೇಕು. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಅಷ್ಟು ಸಾಲದು. ಆದರೆ ಅಷ್ಟರಲ್ಲಿ ಬಿಲ್ಲೆ 1.14 ಮೀಟರ್ ಮುಂದೆ ಹೋಗಿರುತ್ತದೆ. ಹತ್ತು ಬಿಲ್ಲೆಗಳನ್ನು ಸಾಲಾಗಿ ಇಟ್ಟಷ್ಟು ದೂರ! ಚರೆಗಳು ಹರಡಿಕೊಳ್ಳುತ್ತವೆ ನಿಜ. ಆದರೆ ಆ ದೂರದಲ್ಲಿ ಅವುಗಳ ಹರವು ಮುಕ್ಕಾಲು ಮೀಟರಿನ ಆಸುಪಾಸು. ಬಿಲ್ಲೆಗೇ ನೇರ ಗುರಿಯಿಟ್ಟು ನಿಂತ ಕೋವಿಯಿಂದ ಹೊಡೆದರೆ ಚರೆಗಳೆಲ್ಲ ಅದರ ಹಿಂದೆ ಹೋಗುತ್ತವೆ. ಬಿಲ್ಲೆ ಓರೆಯಾಗಿ, 30 ಡಿಗ್ರಿ ಕೋನದಲ್ಲಿ ದೂರ ಸರಿಯುತ್ತಿದ್ದರೆ ಬೇಕಾದ ಮುನ್ನಡೆ ಅರ್ಧ. ದೂರ ಇಮ್ಮಡಿಯಾದರೆ ಮುನ್ನಡೆ ಇಮ್ಮಡಿಗಿಂತಲೂ ಹೆಚ್ಚು. ಏಕೆಂದರೆ ಚರೆಯ ವೇಗವೂ ದಾರಿಯಲ್ಲಿ ಕುಗ್ಗುತ್ತದೆ.

ಹಾಗಾದರೆ ಅಷ್ಟು ಅಳತೆಯನ್ನು ಕ್ಷಣಮಾತ್ರದಲ್ಲಿ ಮಾಡುವುದು ಹೇಗೆ? ಅಳೆಯಬಾರದು ಎಂಬುದೇ ಉತ್ತರ. ನಳಿಗೆಯ ತುದಿಯ ಮಣಿಯನ್ನೂ ಬಿಲ್ಲೆಯನ್ನೂ ಸರದಿಯಂತೆ ನೋಡುತ್ತ ಅಂತರ ಅಳೆಯಹೊರಟರೆ ಕೈ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಕೈ ನಿಂತೊಡನೆ ಗಳಿಸಿದ ಮುನ್ನಡೆಯನ್ನು ಬಿಲ್ಲೆ ಕಸಿದುಕೊಳ್ಳುತ್ತದೆ. ಆದುದರಿಂದ ದೃಷ್ಟಿ ಬಿಲ್ಲೆಯ ಮುಂಚೂಣಿಯ ಅಂಚಿನಲ್ಲಿರಬೇಕು. ನಳಿಗೆ ಅದೇ ವೇಗದಲ್ಲಿ ಅದರ ಮುಂದೆ ಸಾಗುತ್ತಿರಬೇಕು. ಈಡು ಹಾರಿದ ಮೇಲೂ ಸಾಗುತ್ತಲೇ ಇರಬೇಕು. ಬಿಲ್ಲೆಯ ಹಿಂದಿನಿಂದ ಬಂದು, ಅದನ್ನು ದಾಟುತ್ತ ಹೊಡೆಯುವ ಇನ್ನೊಂದು ಪದ್ಧತಿಯೂ ಇದೆ. ಅಲ್ಲಿ ನಳಿಗೆಯ ವೇಗ ಬಿಲ್ಲೆಗಿಂತ ಹೆಚ್ಚಿರುವುದರಿಂದ, ಮನಸ್ಸು ಹೊಡೆಯೆಂದದ್ದಕ್ಕೂ ಈಡು ಹಾರುವುದಕ್ಕೂ ನಡುವೆ ಅದು ತಾನೇ ಮುಂದೆ ಹೋಗಿರುತ್ತದೆ. ಕಣ್ಣಿಗೆ ಕಾಣುವ ಅಂತರ ಕಡಿಮೆ ಸಾಕು. ಕಲಿಯುವವರು ಒಂದನ್ನೇ ಹಿಡಿದು ಸಾಧಿಸುವುದು ಲೇಸು.

ತಗ್ಗಿನ ಬಿಲ್ಲೆಗೆ ವಿಶೇಷ ಎಚ್ಚರ ಬೇಕು. ಆಕಾಶವನ್ನು ಹಿನ್ನೆಲೆಯಾಗಿ ಹೊಂದಿದ ಬಿಲ್ಲೆಗಿಂತ ನೆಲ, ಹುಲ್ಲುಗಳ ಮುಂದೆ ಹಾಯುವ ಬಿಲ್ಲೆ ಹೆಚ್ಚು ವೇಗವಾಗಿ ಸಾಗಿದಂತೆ ತೋರುತ್ತದೆ. ಆತುರ ಹುಟ್ಟುವುದು ಅಲ್ಲಿಂದ. ಅದಕ್ಕೆ ಪರಿಹಾರ ಹೊಡೆಯುವುದಕ್ಕೆ ಮೊದಲೇ ಇದೆ. ಬಿಲ್ಲೆಯನ್ನು ಒಡೆಯಬೇಕಾದ ಸ್ಥಳಕ್ಕೆ ಅನುಗುಣವಾಗಿ ಪಾದಗಳನ್ನು ಊರಿ, ಅನಂತರ ಸೊಂಟದಿಂದ ಹಿಂದಕ್ಕೆ ತಿರುಗಬೇಕು. ಮನೆಯಿಂದ ಒಡೆಯುವ ಸ್ಥಳಕ್ಕಿರುವ ದಾರಿಯ ಮೂರನೆಯ ಒಂದು ಭಾಗದಷ್ಟು ಹೊರಗೆ ನಳಿಗೆಯನ್ನು ಕಾಯಿಸಬೇಕು. ಮನೆಯ ಬಾಯಿಗೇ ಹಿಡಿದರೆ ಬಿಲ್ಲೆ ಓಡಿಹೋಗಿ, ನಾವು ಬೆನ್ನಟ್ಟುವವರಾಗುತ್ತೇವೆ. ಕಣ್ಣು ಮಾತ್ರ ಮನೆಯ ಕಡೆಗಿರಲಿ. ನಳಿಗೆ ಬಿಲ್ಲೆಯ ದಾರಿಗಿಂತ ತುಸು ಕೆಳಗಿರಬೇಕು. ಇಲ್ಲವಾದರೆ ಅದು ಬಿಲ್ಲೆಯನ್ನೇ ಮರೆಮಾಡುತ್ತದೆ. ಮೈಭಾರ ಮುಂಗಾಲಿನ ಮೇಲಿರಲಿ, ಕೆನ್ನೆ ಕೋವಿಯ ಮರದಿಂದ ಏಳದಿರಲಿ. ತೋಳುಗಳಿಂದಲ್ಲ, ಸೊಂಟದಿಂದ ತಿರುಗಿದರೆ ಹೆಗಲುಗಳು ಸಮವಾಗಿದ್ದು ನಳಿಗೆ ಬಿಲ್ಲೆಯ ದಾರಿಯಲ್ಲೇ ಸಾಗುತ್ತದೆ.

ಇವೆಲ್ಲ ಸಣ್ಣ ಸಂಗತಿಗಳೆನಿಸಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೀಟ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಕಂಚಿನ ಪದಕಕ್ಕಾಗಿ ಚೀನಾದ ಜೋಡಿಯೊಡನೆ ಸೆಣಸಿ 43–44ರಿಂದ ಸೋತರು. ಪದಕಕ್ಕೂ ಬರಿಗೈಗೂ ನಡುವೆ ಇದ್ದದ್ದು ಒಂದೇ ಒಂದು ಬಿಲ್ಲೆ.

ಕೋವಿಯನ್ನು ಪರವಾನಗಿ ಪಡೆದ ಮೈದಾನದಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ ಮಾತ್ರ ಹಿಡಿಯತಕ್ಕದ್ದು. ಆದರೆ ಇದರ ತತ್ತ್ವವನ್ನು ಪರೀಕ್ಷಿಸಲು ಕೋವಿ ಬೇಡ. ನಮ್ಮ ಅಂಗಳದಲ್ಲಿ ಲಗೋರಿಯಾಡಿದ ನೀವೆಲ್ಲರೂ ಓಡುವವನಿಗಿಂತ ಒಂದು ಹೆಜ್ಜೆ ಮುಂದಕ್ಕೇ ಚೆಂಡು ಎಸೆದಿದ್ದೀರಿ. ಯಾರೂ ಅಳತೆ ಹಿಡಿಯಲಿಲ್ಲ. ಈ ಸಲ ಶಾಲೆಗೆ ಬಂದಾಗ ಮಕ್ಕಳಿಂದ ಆ ಚೆಂಡನ್ನು ಕೇಳಿ ಪಡೆಯಿರಿ. ಒಮ್ಮೆ ಕೈಯನ್ನು ನಡುವೆ ತಡೆದು, ಒಮ್ಮೆ ಓಡುವವನೊಡನೆ ಸಾಗಲು ಬಿಟ್ಟು ಎಸೆದು ನೋಡಿರಿ. ಆಮೇಲೆ ಮೇಲಿನ ಲೆಕ್ಕವನ್ನು ಅವರಿಗೂ ಮಾಡಿಸಿರಿ.