ಬೀದಿಯ ಶಿಲ್ಪಕ್ಕೂ ಒಡೆಯರುಂಟು

ಸಿಯಾಟಲ್ ನಗರದ ಬ್ರಾಡ್‌ವೇ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಕಂಚಿನ ಹೆಜ್ಜೆಗುರುತುಗಳಿವೆ. ಅವುಗಳ ಮೇಲೆ ಒಂದೊಂದಾಗಿ ಕಾಲಿಡುತ್ತ ಹೋದರೆ ಟ್ಯಾಂಗೋ ನೃತ್ಯದ ನಡೆ ತಾನಾಗಿ ಮೂಡುತ್ತದೆ. ಕಲಾವಿದ ಜ್ಯಾಕ್ ಮ್ಯಾಕಿ ರೂಪಿಸಿದ ಈ ಗುರುತುಗಳ ಮೇಲೆ ಯಾರು ಬೇಕಾದರೂ ಕುಣಿಯಬಹುದು. ಆದರೆ ಅವುಗಳ ಚಿತ್ರ ಸಿಯಾಟಲ್ ಸಿಂಫನಿ ವಾದ್ಯವೃಂದದ ಪ್ರಚಾರಪತ್ರದಲ್ಲಿ ಒಪ್ಪಿಗೆಯಿಲ್ಲದೆ ಅಚ್ಚಾದಾಗ ಮ್ಯಾಕಿ ನ್ಯಾಯಾಲಯಕ್ಕೆ ಹೋದರು. ಕೃತಿಸ್ವಾಮ್ಯದ ಉಲ್ಲಂಘನೆ ಆಗಿದೆಯೆಂದು ತೀರ್ಮಾನವಾಯಿತು. ಆ ಚಿತ್ರದಿಂದಲೇ ಟಿಕೆಟ್ ಮಾರಾಟವಾಯಿತೆಂದು ತೋರಿಸಲಾಗದ ಕಾರಣ, ಕಛೇರಿಗಳ ಲಾಭದಲ್ಲಿ ಮ್ಯಾಕಿಗೆ ಪಾಲಿಲ್ಲವೆಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಒಪ್ಪಿಗೆ ಬೇಡದ ಬಳಕೆಯೂ ಇದೆ. ಅಮೆರಿಕದ 1976ರ ಕಾಯ್ದೆಯ 107ನೇ ವಿಧಿ ಅದನ್ನು ‘ಫೇರ್ ಯೂಸ್’ ಎನ್ನುತ್ತದೆ. ವಿಮರ್ಶೆ, ಸುದ್ದಿ, ಬೋಧನೆ, ಸಂಶೋಧನೆ ಅದರ ಮುಖ್ಯ ನಿದರ್ಶನಗಳು. ಬಳಕೆಯ ಉದ್ದೇಶವೇನು, ಮೂಲಕೃತಿ ಯಾವ ಬಗೆಯದು, ಅದರಲ್ಲಿ ಎಷ್ಟನ್ನು ತೆಗೆದುಕೊಳ್ಳಲಾಗಿದೆ, ಇದರಿಂದ ಮೂಲಕೃತಿಯ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆಯೇ ಎಂಬ ನಾಲ್ಕನ್ನೂ ನ್ಯಾಯಾಧೀಶರು ಒಟ್ಟಿಗೆ ತೂಗುತ್ತಾರೆ. ಮೂವತ್ತು ಸೆಕೆಂಡು ಹಾಡು, ಪುಸ್ತಕದ ಶೇಕಡಾ ಹತ್ತು ಎಂದು ಜನ ನಂಬಿಕೊಂಡಿರುವ ಅಳತೆಗಳು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಕೃತಿಕಾರನ ಹೆಸರು ಹಾಕುವುದು ಸೌಜನ್ಯ. ಅದು ಅನುಮತಿಯ ಜಾಗವನ್ನು ತುಂಬದು.

ಈ ತೂಕ ಎಷ್ಟು ಸೂಕ್ಷ್ಮವೆಂಬುದಕ್ಕೆ ವಾಷಿಂಗ್ಟನ್ ಡಿ.ಸಿ.ಯ ಕೊರಿಯಾ ಯುದ್ಧ ಸ್ಮಾರಕ ಒಳ್ಳೆಯ ಉದಾಹರಣೆ. ಅಲ್ಲಿನ ಹಿಮ ಹೊದ್ದ ಸೈನಿಕರ ಶಿಲ್ಪಗಳ ಛಾಯಾಚಿತ್ರವನ್ನು ಅಂಚೆ ಇಲಾಖೆ 2003ರಲ್ಲಿ 37 ಸೆಂಟಿನ ಅಂಚೆಚೀಟಿಯಾಗಿಸಿತು. ಒಪ್ಪಿಗೆ ಪಡೆದದ್ದು ಛಾಯಾಗ್ರಾಹಕನಿಂದ. ಶಿಲ್ಪಿ ಫ್ರ್ಯಾಂಕ್ ಗೇಲಾರ್ಡ್ ಅವರನ್ನು ಕೇಳಲಿಲ್ಲ. ಕೆಳ ನ್ಯಾಯಾಲಯ ಇದನ್ನು ಫೇರ್ ಯೂಸ್ ಎಂದಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು: ಹಿಮ, ಬೆಳಕು ಬದಲಾದ ಮಾತ್ರಕ್ಕೆ ಶಿಲ್ಪದ ಆಶಯ ಬದಲಾಗುವುದಿಲ್ಲ. ಕೊನೆಗೆ ಶಿಲ್ಪಿಗೆ 6.8 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ನಿಗದಿಯಾಯಿತು. ಸರ್ಕಾರವೇ ಕಟ್ಟಿಸಿದ ಸ್ಮಾರಕ, ಸರ್ಕಾರದ್ದೇ ಅಂಚೆಚೀಟಿ. ಆದರೂ ಹಕ್ಕು ಕಲಾವಿದನದೇ ಆಗಿ ಉಳಿದದ್ದು ನ್ಯಾಯವೇ ಸರಿ.

ಅಮೆರಿಕದಲ್ಲಿ ಸಾರ್ವಜನಿಕ ಸ್ಥಳದಿಂದ ಕಾಣುವ ಕಟ್ಟಡದ ಚಿತ್ರ ತೆಗೆಯಲು ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಶಿಲ್ಪಕ್ಕೆ ಕೊಟ್ಟಿಲ್ಲ. ಸಿಯಾಟಲ್‌ನ ಅರೋರಾ ಸೇತುವೆಯಡಿ 1990ರಿಂದ ಕುಳಿತು, ಮುಷ್ಟಿಯಲ್ಲಿ ಫೋಕ್ಸ್‌ವ್ಯಾಗನ್ ಕಾರು ಹಿಡಿದಿರುವ ಫ್ರೀಮಾಂಟ್ ಟ್ರೋಲ್ ಎಂಬ ದೈತ್ಯನ ಹಕ್ಕು ಅದನ್ನು ಕಟ್ಟಿದ ನಾಲ್ವರು ಕಲಾವಿದರದು. ಅದರ ಹೆಗಲೇರಿ ಕುಳಿತ ಮಕ್ಕಳ ಫೋಟೊವನ್ನು ಊರಿನ ಅಜ್ಜಿಗೆ ಕಳಿಸಿದರೆ ಯಾರ ವ್ಯಾಪಾರಕ್ಕೂ ಧಕ್ಕೆಯಿಲ್ಲ. ಅದೇ ಚಿತ್ರವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವವರು ಮೊದಲು ಕಲಾವಿದರ ಅನುಮತಿ ಪಡೆಯಬೇಕು.

ಬೆಂಗಳೂರಿನಲ್ಲಿ ಲೆಕ್ಕ ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಫೋಟೊ ತೆಗೆಯುವುದಕ್ಕೂ ಪ್ರಕಟಿಸುವುದಕ್ಕೂ ಅಡ್ಡಿಯಿಲ್ಲ ಎನ್ನುತ್ತದೆ. ವಿಧಾನಸೌಧದೆದುರಿನ ಅಂಬೇಡ್ಕರ್ ಪ್ರತಿಮೆಯ ಫೋಟೊವನ್ನು ಕ್ಯಾಲೆಂಡರಿನಲ್ಲಿ ಅಚ್ಚುಹಾಕಲು ಶಿಲ್ಪಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ.